ಕಾರಿಗೆ ಹೊದಿಸಿದ ಕಂಬಳಿ

ನಮ್ಮಣ್ಣನ ಕಾರಿನ ಮೂತಿ ಅಂಗಳ ಸೇರಿದ ಮೇಲೂ ಹಿಂಭಾಗ ಹೊಸದುರ್ಗದ ರಸ್ತೆಯಲ್ಲೇ ಇರುತ್ತದೆ ಎಂದು ಮಾಡದಕೆರೆಯವರು ನಗುತ್ತಾರೆ. ಸ್ಟೇಷನ್ ವ್ಯಾಗನ್ ಎಂದು ಅದರ ಜಾತಿ. ಹಿಂದಿನ ಸೀಟು ಮಡಚಿದರೆ ಕುರಿಗಳು, ಬಿಚ್ಚಿದರೆ ಅವ್ವ ಮತ್ತು ಅವಳ ಗೆಳತಿಯರು. ವಾಸನೆ ಮಾತ್ರ ಯಾವಾಗಲೂ ಕುರಿಯದೇ.

ಅದರ ರಿಪೇರಿಯೆಲ್ಲ ಬೇವಿನ ಮರದ ಕೆಳಗೆ, ಅಣ್ಣನ ಕೈಯಲ್ಲೇ. ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಎಂಜಿನ್ ಅರ್ಥವಾಗದು, ಕುರಿ ಅರ್ಥವಾಗುತ್ತದೆ. ಚಳಿಗಾಲದ ಬೆಳಿಗ್ಗೆ ಕಾರು ಕೆಮ್ಮಿದಾಗ, ಎಳೆಮರಿಗೆ ಮಾಡುವುದನ್ನೇ ಅದಕ್ಕೂ ಮಾಡಿದೆ. ಸಂಜೆ ಕಂಬಳಿಯ ತುಂಡೊಂದನ್ನು ರೇಡಿಯೇಟರ್ ಮುಂದೆ ತುರುಕುವುದು, ಬೆಳಿಗ್ಗೆ ತೆಗೆಯುವುದು. ಅಣ್ಣ ನಗುತ್ತಾನೆಂದು ಹೇಳಿರಲಿಲ್ಲ. ಕೆಮ್ಮು ಕಡಿಮೆಯಾದಂತೆ ನನಗಂತೂ ಕೇಳಿಸಿತು.

ಒಂದು ದಿನ ತೆಗೆಯುವುದನ್ನು ಮರೆತೆ. ಅಂದೇ ಅಣ್ಣ ಅವ್ವನನ್ನು ಕೂರಿಸಿಕೊಂಡು ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೊರಟ. ಗಾಳಿಯಿಲ್ಲದೆ ಎಂಜಿನ್ ಅರ್ಧ ದಾರಿಯಲ್ಲಿ ಕುದಿಯಿತು. ಆ ಹಬೆಯಲ್ಲಿ, ಮುಂದಿನ ಜಾಲರಿಯ ಹಿಂದಿದ್ದ ಕರಿ ಕಂಬಳಿ ಅವನ ಕಣ್ಣಿಗೆ ಬೀಳಲಿಲ್ಲ. ಅವ್ವ ಬಿಸಿಲಲ್ಲಿ ಕಲ್ಲಿನ ಮೇಲೆ ಕುಳಿತಳು. ಟ್ರ್ಯಾಕ್ಟರ್ ಕಾರನ್ನು ಎಳೆದು ತಂದಾಗ, ಅಣ್ಣ ನೀರು ಕುಡಿಯಲು ಒಳಗೆ ಹೋದ ಗಳಿಗೆಯಲ್ಲಿ ನಾನು ಕಂಬಳಿ ಕಿತ್ತು ಕುರಿಹಟ್ಟಿಯಲ್ಲಿ ಬಚ್ಚಿಟ್ಟೆ. ಮರೆತದ್ದನ್ನು ಕ್ಷಮಿಸಬಹುದು, ಇದನ್ನು ಹೇಗೆ?

ಪಾಪ, ಅಣ್ಣ ಪೈಪು, ಪಂಪು, ಬೆಲ್ಟು ಎಲ್ಲ ಬಿಚ್ಚಿ ಜೋಡಿಸಿದ. ಎಲ್ಲೂ ದೋಷ ಸಿಗಲಿಲ್ಲ. ಅದೇ ಅವನನ್ನು ಹೆದರಿಸಿತು.

"ಎಲ್ಲಿ ಕೆಟ್ಟೈತೆ ಅಂತ ಗೊತ್ತಾಗದ ಗಾಡೀಲಿ ಅವ್ವನ್ನ ಹೆಂಗೆ ಕೂರಿಸ್ಲಿ? ನನ್ನ ಕೈಯೇ ಕೆಟ್ಟೈತೆ" ಎಂದು ಗುಜರಿಯವನನ್ನು ಕರೆಸಿಬಿಟ್ಟ.

ಗುಜರಿಯವನು ಬಂದು ಟೈರಿಗೆ ಒದ್ದು ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಕಂಬಳಿ ತಂದು ಬಾನೆಟ್ಟಿನ ಮೇಲೆ ಹಾಕಿ ಎಲ್ಲ ಹೇಳಿದೆ. ಅಣ್ಣ ಕಂಬಳಿಯನ್ನು ತಿರುಗಿಸಿ ನೋಡಿದ, ಮೂಸಿದ.

"ಲೇ, ಮರೀಗೆ ಮೂಗು ಮುಚ್ಚಿ ಹೊದಿಸ್ತಿಯೇನೇ?"

ಇಲ್ಲ ಎಂದೆ. ಬೈಗುಳಕ್ಕೆ ಕಾದು ನಿಂತೆ. ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ಅಂದ್ರೆ ನನ್ನ ಕೈ ಕೆಟ್ಟಿಲ್ಲ ಅನ್ನು."

ನನ್ನ ಎದೆಯಿಂದ ಇಳಿದ ಭಾರ ಅವನ ಮುಖದಿಂದಲೂ ಇಳಿಯಿತು. ಗುಜರಿಯವನು ಮಾತ್ರ, "ನನ್ನ ಯಾಪಾರ ಕೆಡಿಸಿದ್ಯಲ್ಲವ್ವ" ಎನ್ನುತ್ತ ಚಹಾ ಕುಡಿದು ಹೋದ.

ಈಗ ಸಂಜೆ ಇಡೀ ಕಂಬಳಿ ಹೊದಿಸುವವನು ಅಣ್ಣನೇ. ಅದೂ ಮೂತಿಯ ಜೊತೆಗೆ ಮುಂದಿನ ಗಾಜೂ ಪೂರ್ತಿ ಮುಚ್ಚುವಂತೆ. ತೆಗೆಯದೆ ಹೊರಟರೆ ದಾರಿಯೇ ಕಾಣದು. ಬಚ್ಚಿಡುವುದರಲ್ಲಿ ನಾನು ಪಟ್ಟ ಪಾಡು ನೆನೆದರೆ, ಕಣ್ಣೆದುರಿಗೇ ಹರವಿಡುವುದು ಎಷ್ಟು ಸುಲಭ ಅನ್ನಿಸುತ್ತದೆ.