ಬಾಳೆಯ ಬುಡಕ್ಕೆ ಚೆಲ್ಲಿದ ಕೂವೆಹಾಲು

ಸಾವಿರದ ಒಂಬೈನೂರ ಅರುವತ್ತರ ಆಸುಪಾಸು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನಿಗೆ ಟೈಫಾಯ್ಡ್ ಬಂತು. ಜ್ವರ ಇಳಿದರೂ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. "ಕೂವೆಹಿಟ್ಟಿನ ಗಂಜಿ ಆದ್ರೆ ನಿಲ್ತದೆ" ಎಂದು ಅಪ್ಪನ ತಾಯಿ, ನನ್ನ ಅಜ್ಜಿ, ಬಿಜೈಯ ನಮ್ಮ ಮನೆಯ ಹಿತ್ತಲಲ್ಲಿದ್ದ ಕೂವೆಗೆಡ್ಡೆಯನ್ನೆಲ್ಲ ಅಗೆಸಿದರು. ಎರಡು ದಿನ ಕೂತು ತುರಿದರು. ಬೆರಳ ಗಂಟುಗಳ ಚರ್ಮ ಸುಲಿದಿತ್ತು. ತುರಿಯನ್ನು ನೀರಿನಲ್ಲಿ ಕಲಸಿ, "ಬಟ್ಟೆಯಲ್ಲಿ ಸೋಸಿಡು ಮಗಾ, ಮತ್ತೆ ನಾನು ನೋಡ್ತೇನೆ" ಎಂದು ಸ್ವಲ್ಪ ಮೈ ಚಾಚಲು ಒಳಗೆ ಹೋದರು.

ಸೋಸುವುದನ್ನು ನನಗೆ ಹೇಳಿಕೊಡಬೇಕೇ? ನೀರಿನಲ್ಲಿ ಕರಗದ್ದನ್ನು ಬೇರ್ಪಡಿಸಲು ತಿಳಿಯಾಗಲು ಬಿಟ್ಟು ನೀರು ಬಸಿಯಬಹುದು, ಇಲ್ಲವೇ ಸೋಸಬಹುದು. ಸೋಸುವುದೇ ಬೇಗ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವಳು ನಾನು. ಗಟ್ಟಿ ಮೇಲೆ ಉಳಿಯುತ್ತದೆ, ನೀರು ಕೆಳಗಿಳಿಯುತ್ತದೆ. ಅಲ್ಪವಿದ್ಯೆ ಮಹಾಗರ್ವ ಎಂದದ್ದು ನನ್ನಂಥವರನ್ನು ನೋಡಿಯೇ ಇರಬೇಕು. ಬಟ್ಟೆಯಲ್ಲಿ ಉಳಿದ ರಾಶಿಯನ್ನು ಹಿಂಡಿ ತಟ್ಟೆಗೆ ಹಾಕಿದೆ. ಕೆಳಗಿಳಿದ ಬಿಳಿನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದೆ.

ಅಜ್ಜಿ ಎದ್ದು ಬಂದು ಖಾಲಿ ಪಾತ್ರೆ ನೋಡಿದರು.

"ಹಾಲು ಎಲ್ಲಿ?"

"ಎಂತ ಹಾಲು ಅಜ್ಜಿ? ಹಿಟ್ಟು ಇಲ್ಲಿ ಉಂಟಲ್ಲ."

"ಅಯ್ಯೋ ದೇವರೇ, ಅದು ಬರೀ ನಾರು ಮಾರಾಯ್ತಿ! ಹಿಟ್ಟು ಆ ನೀರಿನಲ್ಲಿ ಇದ್ದದ್ದು. ನಾಳೆವರೆಗೆ ಅಲ್ಲಾಡಿಸದೆ ಇಟ್ಟರೆ ಅಡಿಯಲ್ಲಿ ಕೂತುಕೊಳ್ತಿತ್ತು."

ಸದ್ದು ಕೇಳಿ ಅಮ್ಮ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಪಾತ್ರೆ ನನ್ನ ಕೈ ಜಾರಿತು" ಎಂದರು. ಅಪ್ಪನ ಆರೈಕೆಯಲ್ಲಿ ಬಸವಳಿದಿದ್ದ ಅಮ್ಮ ಸಿಡಿದಳು: "ಕೈಲಾಗದಿದ್ದರೆ ಯಾಕೆ ಹೋಗ್ತೀರಿ ಅತ್ತೆ? ಅವರಿಗೆ ಇನ್ನು ಎಂತ ಕೊಡುವುದು ನಾನು? ನೀವು ಇನ್ನು ಅಡಿಗೆಮನೆಯಲ್ಲಿ ಒಂದೂ ಮುಟ್ಟುವುದು ಬೇಡ."

ನಾರಿನ ತಟ್ಟೆ ಎತ್ತಿಕೊಂಡು ನಾನು ಹಿತ್ತಲಿಗೆ ಜಾರಿಕೊಂಡೆ. ಥೂ, ಎಂಥ ಹೇಡಿ ನಾನು!

ಮರುದಿನ ಬೆಳಿಗ್ಗೆ ಬಾಳೆಯ ಬುಡದಲ್ಲಿ ನೀರು ಇಂಗಿ, ಮಣ್ಣಿನ ಮೇಲೆ ಹಿಟ್ಟು ಬೆಳ್ಳಗೆ ಕೂತಿತ್ತು. ಅಮ್ಮ ನೋಡಿಯಾಳೆಂದು ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ.

ಅಪ್ಪ ಅನ್ನದ ತಿಳಿ ಕುಡಿಯುತ್ತಲೇ ತಿಂಗಳುಗಟ್ಟಲೆ ಮಲಗಿ, ಕೊನೆಗೆ ಎದ್ದರು. ಅಜ್ಜಿಯನ್ನು ಮಾತ್ರ ಅಮ್ಮ ಮತ್ತೆ ಒಲೆಯ ಹತ್ತಿರ ಬಿಡಲಿಲ್ಲ. ಮುಂದಿನ ವರ್ಷ ಅಂಗಡಿಯಿಂದ ಕೂವೆಹಿಟ್ಟಿನ ಪೊಟ್ಟಣ ತಂದು, "ಇದಾದರೆ ಯಾರ ಕೈಯೂ ಜಾರುವುದಿಲ್ಲ" ಎಂದು ನಕ್ಕಳು. ಬಾಗಿಲಲ್ಲಿ ಕೂತಿದ್ದ ಅಜ್ಜಿಯೂ ನಕ್ಕರು. ಆಗಲಾದರೂ ಹೇಳಬಹುದಿತ್ತು. ಅಮ್ಮನ ಜೊತೆ ನಾನೂ ನಕ್ಕೆ.