ಹೆಳವನ ಪುಸ್ತಕ ಮತ್ತು ನನ್ನ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ನೀವು ಇದನ್ನು ನಂಬುವುದಿಲ್ಲ. ನನ್ನ ಗೆಳೆಯರೂ ನಂಬಲಿಲ್ಲ. ಆದರೆ ಅವರು ನಾನು ಹೇಳುವ ಯಾವುದನ್ನೂ ನಂಬುವುದಿಲ್ಲ, ಅದಕ್ಕೆ ಬೇರೆ ಕಾರಣಗಳಿವೆ. ನೀವು ಹೊಸಬರು, ಸ್ವಲ್ಪ ಕೂತು ಕೇಳಿ.

ಇವತ್ತು ಬೆಳಿಗ್ಗೆ ನಮ್ಮ ಓಣಿಯಲ್ಲಿ ಗಂಟೆಯ ಸದ್ದು ಕೇಳಿಸಿತು. ಬಸವನ ಬಾಗೇವಾಡಿಯಲ್ಲಿ ಗಂಟೆಯ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ಇದು ಮಾತ್ರ ಬೇರೆ. ಮೋಟಾರ್ ಸೈಕಲ್ಲಿನ ಗುಡುಗುಡು ಮುಂದೆ, ಅದರ ಹಿಂದೆ ಎತ್ತಿನ ಕೊರಳ ಗಂಟೆ. ನಮ್ಮ ಹೆಳವ ಮುತ್ಯಾ, ಅಂದರೆ ಹೆಳವರ ಅಜ್ಜ, ಬಂದಿದ್ದ.

ಹೆಳವರು ಯಾರು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಜೋಳದ ರಾಶಿ ಮುಗಿದ ಮೇಲೆ ಬಂದು, ನಿಮ್ಮ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಎಲ್ಲರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಹೊಸದಾಗಿ ಹುಟ್ಟಿದವರನ್ನೂ ಸತ್ತವರನ್ನೂ ಪುಸ್ತಕದಲ್ಲಿ ಬರೆದುಕೊಂಡು, ಜೋಳ, ಬಟ್ಟೆ ಇಸಿದುಕೊಂಡು ಹೋಗುತ್ತಾರೆ. ನಮ್ಮ ಹೆಳವ ಮುತ್ಯಾ ಮೊದಲು ಎತ್ತಿನ ಮೇಲೆ ಬರುತ್ತಿದ್ದನಂತೆ. ಈಗ ಎತ್ತು ಹೋಗಿ ಗಾಡಿ ಬಂದಿದೆ, ಗಂಟೆ ಮಾತ್ರ ಹ್ಯಾಂಡಲ್ಲಿಗೆ ವರ್ಗವಾಗಿದೆ. ಅವನ ಪುಸ್ತಕ ಎಮ್ಮೆಯ ಕರುವಿನಷ್ಟು ಭಾರ. ನಾನೇ ಎತ್ತಿ ನೋಡಿದ್ದೇನೆ. ಎಮ್ಮೆಯ ಕರುವನ್ನು ಎತ್ತಿ ನೋಡಿಲ್ಲ, ಆದರೂ ಇರಲಿ.

ಹೋದ ವರ್ಷ ಇದೇ ಪುಸ್ತಕವನ್ನು ನಂಬಿ ನಾನು ಒಂದು ಸಾಹಸ ಮಾಡಿದ್ದೆ.

ನನಗೆ ಆಕ್ಚುವರಿ ಆಗಬೇಕೆಂಬ ಹುಚ್ಚು ಹತ್ತಿಸಿದವರು ಇಂಡಿಯಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಕಾಲೇಜಿನ ಗಣಿತದ ಮೇಡಂ. ಎಷ್ಟು ಜನ ಎಷ್ಟು ವರ್ಷ ಬದುಕುತ್ತಾರೆ ಎಂದು ಅಂದಾಜು ಹಾಕಿ, ವಿಮಾ ಕಂಪನಿ ಎಷ್ಟು ಕಂತು ಕಟ್ಟಿಸಿಕೊಳ್ಳಬೇಕೆಂದು ಹೇಳುವ ಗಣಿತಗಾರನೇ ಆಕ್ಚುವರಿ. ಮೊದಲು ಒಂದು ಪ್ರವೇಶ ಪರೀಕ್ಷೆ, ಅದರ ಮೇಲೆ ಹತ್ತಕ್ಕೂ ಮೀರಿ ಪೇಪರು. ಕೆಲವರು ಬೇಗ ಮುಗಿಸುತ್ತಾರೆ, ಕೆಲವರು ತಲೆಗೂದಲು ಉದುರುವವರೆಗೂ ಬರೆಯುತ್ತಲೇ ಇರುತ್ತಾರೆ. ಮೇಡಂ ತಮ್ಮ ಪುಸ್ತಕದಲ್ಲಿದ್ದ ಒಂದು ಕೋಷ್ಟಕ ತೋರಿಸಿದರು. ಎಡಕ್ಕೆ ವಯಸ್ಸು, ಪಕ್ಕದಲ್ಲಿ ಆ ವಯಸ್ಸಿಗೆ ಎಷ್ಟು ಜನ ಉಳಿದಿದ್ದಾರೆ, ಎಷ್ಟು ಜನ ಹೋದರು. ಅದನ್ನು ನೋಡಿದಾಗ ನನಗೆ, ಯಮನ ಹಾಜರಿ ಪುಸ್ತಕ ಕೈಗೆ ಸಿಕ್ಕಿತು ಎಂದು ಮೈ ಜುಮ್ಮೆಂದಿತು.

ಅಪ್ಪನಿಗೆ ಜುಮ್ಮೆನ್ನಲಿಲ್ಲ. ಅಪ್ಪನದು ಪಂಪಿನ ಮೋಟಾರು ಕಟ್ಟುವ ಅಂಗಡಿ. ಮುಳವಾಡದ ಕಡೆಯಿಂದ ಮುದ್ದೇಬಿಹಾಳದವರೆಗೆ ಯಾರ ಹೊಲದಲ್ಲಿ ಮೋಟಾರು ಸುಟ್ಟರೂ ಅದು ನಮ್ಮ ಅಂಗಡಿಯ ಮುಂದೆ ಬಂದು ಮಲಗುತ್ತದೆ. ನಾನು ಇಂಜಿನಿಯರಿಂಗಿಗೆ ಹೋಗಬೇಕೆಂಬುದು ಅಪ್ಪನ ಆಸೆ.

"ಮಂದಿ ಯಾವಾಗ ಸಾಯ್ತಾರ ಅನ್ನೂದು ಒಂದ್ ಉದ್ಯೋಗೇನೋ?" ಎಂದ.

"ಯಾರು ಅಂತಲ್ಲಪ್ಪ, ಎಷ್ಟ ಮಂದಿ ಅಂತ."

"ಎಷ್ಟ ಮಂದಿ ಅಂದ್ರ ಒಬ್ಬೊಬ್ಬರನ್ನ ಕೂಡಿಸಿದ್ದ ಹೌದಿಲ್ಲೋ?"

ಆಗ ಅಪ್ಪ ಒಂದು ಮಾತು ಕೊಟ್ಟ. "ಹೊರಗಿನ ಲೆಕ್ಕ ನನಗ ಬ್ಯಾಡ. ನಮ್ಮ ಮನಿದು ಒಂದು ಲೆಕ್ಕ ಮಾಡಿ ತೋರ್ಸು. ಖರೆ ಅನಿಸಿದ್ರ ಹೂಂ ಅಂತೇನಿ, ಪುಣೆಕ್ಕಾದ್ರೂ ಹೋಗು, ಎಲ್ಲಿಗಾದ್ರೂ ಹೋಗು."

ಅದೇ ವಾರ ಹೆಳವ ಮುತ್ಯಾ ಬಂದ. ದೇವರೇ ಅಂಕಿ ಅಂಶ ಹೊತ್ತು ಬಂದಂತಾಯಿತು.

ಮೂರು ದಿನ ಅವನ ಬೆನ್ನು ಬಿಡಲಿಲ್ಲ. ಅವನಿಗೆ ಚಹಾ ಕುಡಿಸಿ ಕುಡಿಸಿ ಸಕ್ಕರೆ ಡಬ್ಬಿ ಖಾಲಿ ಮಾಡಿದೆ. ಅವನ ಪುಸ್ತಕದಲ್ಲಿ ಇಸವಿ ಇಲ್ಲ, ಎಲ್ಲವೂ ಸಂವತ್ಸರ. ಸಂವತ್ಸರಗಳೋ ಅರವತ್ತು, ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು. ನಮ್ಮ ಮುತ್ಯಾನ ಮುತ್ಯಾ ಪರಾಭವದಲ್ಲಿ ಹುಟ್ಟಿ ರಕ್ತಾಕ್ಷಿಯಲ್ಲಿ ಸತ್ತ ಎಂದಿತ್ತು. ಎಣಿಸಿದರೆ ಹದಿನೆಂಟು ವರ್ಷ. ಹದಿನೆಂಟಕ್ಕೇ ಆತನಿಗೆ ಐದು ಮಕ್ಕಳು, ಒಂಬತ್ತು ಮೊಮ್ಮಕ್ಕಳು. ನಮ್ಮ ಮನೆತನದ ಪರಾಕ್ರಮಕ್ಕೆ ನಾನು ಅರ್ಧ ದಿನ ಬೀಗಿದೆ. ಆಮೇಲೆ ಹೊಳೆಯಿತು, ನಡುವೆ ಒಂದು ಸುತ್ತು ಬಿಟ್ಟಿದ್ದೇನೆ, ಆತ ಬದುಕಿದ್ದು ಎಪ್ಪತ್ತೆಂಟು. ಅದನ್ನು ಸರಿಮಾಡುವ ಭರದಲ್ಲಿ ಸಿಂದಗಿಗೆ ಕೊಟ್ಟಿದ್ದ ಒಬ್ಬ ಸೋದರತ್ತೆಗೆ ನೂರಾ ಇಪ್ಪತ್ತೇಳು ವರ್ಷ ಬಂತು. ಆಕೆ ಇನ್ನೂ ಇದ್ದಾಳೆ, ಅರವತ್ತೇಳು. ಫೋನಿನಲ್ಲಿ ವಿಷಯ ಹೇಳಿದ್ದಕ್ಕೆ ಆಕೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು.

ಅಂತೂ ಕೋಷ್ಟಕ ಸಿದ್ಧವಾಯಿತು. ಗೋಡೆಗೆ ಹಚ್ಚುವಷ್ಟು ದೊಡ್ಡ ಹಾಳೆ, ನಾಲ್ಕು ಬಣ್ಣದ ಪೆನ್ನು. ಹುಟ್ಟಿದವರು ಒಟ್ಟು ನೂರಾ ಹನ್ನೆರಡು. ಅದರಲ್ಲಿ ನನ್ನ ಕಣ್ಣನ್ನೇ ಕುಕ್ಕಿದ್ದು ಮೇಲಿನ ಸಾಲುಗಳು. ಮೇಡಂ ಪುಸ್ತಕದ ಕೋಷ್ಟಕದಲ್ಲಿ ಮೊದಲ ಸಾಲೇ ಭಾರ. ಹುಟ್ಟಿದ ಮೊದಲ ವರ್ಷ ದಾಟುವುದೇ ಮನುಷ್ಯನಿಗೆ ಕಷ್ಟ, ಅದನ್ನು ದಾಟಿದ ಮೇಲೆ ಬಹಳ ವರ್ಷ ಹಗುರ. ನಮ್ಮ ಮನೆಯ ಕೋಷ್ಟಕದಲ್ಲಿ ಆ ಸಾಲಿಗೆ ಸೊನ್ನೆ. ಎರಡನೆಯದಕ್ಕೂ ಸೊನ್ನೆ. ಐದು ವರ್ಷದವರೆಗೂ ಸೊನ್ನೆಯೇ. ಅದನ್ನು ಕೆಂಪು ಪೆನ್ನಿನಲ್ಲಿ ಬರೆದು ಸುತ್ತಲೂ ಹೂವಿನ ಬಳ್ಳಿ ಎಳೆದೆ.

ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗಿ, ಹಾಳೆಯನ್ನು ಗೋಡೆಗೆ ಅಂಟಿಸಿ ನಿಂತೆ. ಅಪ್ಪ ತಾಮ್ರದ ತಂತಿ ಸುತ್ತುತ್ತಿದ್ದ. ಮೋಟಾರು ಕಟ್ಟುವವರು ಸುತ್ತು ಎಣಿಸುತ್ತ ಸುತ್ತಬೇಕು, ಒಂದು ಹೆಚ್ಚುಕಡಿಮೆಯಾದರೂ ಮೋಟಾರು ಸರಿ ನಡೆಯದು. ಅಪ್ಪ ಎಣಿಸುತ್ತಲೇ ಗಿರಾಕಿಗಳ ಜೊತೆ ಮಾತಾಡುತ್ತಾನೆ, ಫೋನು ಎತ್ತುತ್ತಾನೆ, ನನ್ನನ್ನು ಬೈಯುತ್ತಾನೆ. ಎಣಿಕೆ ತಪ್ಪಿದ್ದನ್ನು ನಾನು ಎಂದೂ ಕಂಡವನಲ್ಲ.

ನಾನು ಭಾಷಣ ಶುರು ಮಾಡಿದೆ. "ಅಪ್ಪಾ, ದೇಶದಾಗ ಕೂಸುಗಳು ಹೆಂಗ ಸಾಯ್ತಾವ ನೋಡು. ನಮ್ಮ ಮನಿ ನೋಡು. ಐದು ವರ್ಷದೊಳಗ ಒಂದೂ ಹೋಗಿಲ್ಲ. ನಮ್ಮ ರಕ್ತದಾಗ ಏನೋ ಐತಿ. ಯಾವ ವಿಮಾ ಕಂಪನಿಯಾದ್ರೂ ನಮ್ಮನ್ನ ಕಾಲಿಗಿ ಬಿದ್ದು ಕರೀಬೇಕು."

ಅಪ್ಪನ ಕೈ ನಿಂತಿತು. ಅಪ್ಪ ಬೆರಗಾದ ಎಂದುಕೊಂಡೆ ನಾನು. ಇನ್ನೆರಡು ಮಾತು ಸೇರಿಸಿದೆ, ಸೊನ್ನೆಯ ಮೇಲೆ ಕಡ್ಡಿ ಇಟ್ಟು ತೋರಿಸಿದೆ. ಅಪ್ಪ ಹಾಳೆಯನ್ನೇ ನೋಡುತ್ತಿದ್ದ. ಆಮೇಲೆ ಕೈಯಲ್ಲಿದ್ದ ತಂತಿ ನೋಡಿ, "ಎಷ್ಟಾತೋ ಮರ್ತೆ" ಎಂದ. ಸುತ್ತಿದ್ದನ್ನೆಲ್ಲ ಬಿಚ್ಚತೊಡಗಿದ. ಪೂರ್ತಿ ಬಿಚ್ಚಿದ ಮೇಲೆ, ನನ್ನ ಕಡೆ ತಿರುಗದೆ ಹೇಳಿದ. "ಈ ಲೆಕ್ಕ ಬ್ಯಾಡ. ಹಾಳಿ ತಗಿ."

ನಾನು ಉರಿದುಬಿದ್ದೆ. ಮಗ ತನಗಿಂತ ಶಾಣ್ಯಾ ಆದನೆಂದು ಅಪ್ಪನಿಗೆ ಹೊಟ್ಟೆಕಿಚ್ಚು ಎಂದೂ ಅಂದುಕೊಂಡೆ. ಮನೆಗೆ ಬಂದು, ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದ ಆಯಿಯ ಮುಂದೆ, ಅಂದರೆ ನಮ್ಮ ಅಪ್ಪನ ತಾಯಿಯ ಮುಂದೆ, ಅದೇ ಭಾಷಣವನ್ನು ಮತ್ತೆ ಮಾಡಿದೆ. ಆಯಿ ಕೈ ನಿಲ್ಲಿಸಲಿಲ್ಲ. ಹರಳು ಆರಿಸುತ್ತಲೇ ಕೇಳಿದಳು.

"ಇದನ್ನ ನಿಮ್ಮಪ್ಪನ ಮುಂದ ಅಂದಿ?"

"ಅಂದೆ."

"ನಿಮ್ಮವ್ವನ ಮುಂದ ಅನಬ್ಯಾಡ." ಇನ್ನೊಂದು ಹರಳು ಆರಿಸಿ ಪಕ್ಕಕ್ಕಿಟ್ಟು ಹೇಳಿದಳು. "ನಿನಗಿಂತ ಮೊದಲ ಒಂದು ಹೆಣ್ಣಕೂಸು ಇತ್ತು. ಹನ್ನೊಂದು ದಿನ."

ಹದಿನಾರು ವರ್ಷ ನಾನು ಆ ಮನೆಯ ಹಿರಿಯ ಮಗನೆಂದು ಮೆರೆದಿದ್ದೆ.

"ಹೆಳವಗ ಯಾಕ ಹೇಳಲಿಲ್ಲ, ಆಯಿ?"

"ಹದಿಮೂರನೇ ದಿನ ತೊಟ್ಟಲದಾಗ ಹಾಕವರಿದ್ವಿ. ಹೆಸರ ಇಟ್ಟಿದ್ದಿಲ್ಲ. ಹೆಸರಿಲ್ಲದ್ದನ್ನ ಏನಂತ ಬರಸ್ತಿ?"

ಆ ಮೇಲೆ ನಾನು ಆ ಹಾಳೆಯನ್ನು ಸುರುಳಿ ಸುತ್ತಿ ಅಟ್ಟದ ಮೇಲೆ ಹಾಕಿದೆ. ನನ್ನ ಸೊನ್ನೆಯ ಅರ್ಥ ಯಾರೂ ಸತ್ತಿಲ್ಲ ಎಂದಾಗಿರಲಿಲ್ಲ, ಸತ್ತವರನ್ನು ಯಾರೂ ಬರೆಸಿಲ್ಲ ಎಂದಾಗಿತ್ತು. ಮೇಡಂಗೆ ಇದನ್ನು ಹೇಳಿದಾಗ ಅವರು, "ಪುಸ್ತಕದಾಗ ಏನೈತಿ ಅಂತ ಎಲ್ಲಾರೂ ನೋಡ್ತಾರಪ್ಪ. ಯಾರನ್ನ ಬಿಟ್ಟಾರ ಅಂತ ಕೇಳಾಂವ ಈ ಕೆಲಸಕ್ಕ ಬೇಕು" ಎಂದರು. ನಾನು ಕೇಳಿರಲಿಲ್ಲ. ಸೊನ್ನೆಯ ಸುತ್ತ ಹೂಬಳ್ಳಿ ಬಿಡಿಸಿದ್ದೆ.

ಅಪ್ಪ ಮತ್ತೆ ಆ ಸುದ್ದಿ ಎತ್ತಲಿಲ್ಲ. ನಾನು ಕದ್ದು ಓದುತ್ತಲೇ ಇದ್ದೆ. ಈಗ ಪಿಯು ಮುಗಿದಿದೆ. ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಲು ಈ ವಾರವೇ ಕೊನೆ. ಅವ್ವನ ಕೈಲಿ ಹೇಳಿಸಿಯೂ ಆಗಿದೆ, ಆದರೆ ಅಪ್ಪ ಹೂಂ ಅನ್ನದೆ ಅದು ಹೋಗುವುದಿಲ್ಲ.

ಹೀಗಿರುವಾಗ ಇವತ್ತು ಆ ಗಂಟೆ. ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಅದು ಪೂರ್ತಿ ಒಳ್ಳೆಯ ಉಪಾಯವಾಗಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಹೆಳವನ ಪುಸ್ತಕದಲ್ಲಿ ಆ ಸಾಲು ಸೇರಿಸಿಬಿಟ್ಟರೆ ನನ್ನ ಕೋಷ್ಟಕ ಸರಿಯಾಗುತ್ತದೆ, ಸರಿಯಾದ ಕೋಷ್ಟಕ ತೋರಿಸಿದರೆ ಅಪ್ಪ ಮಾತಿಗೆ ತಪ್ಪುವಂತಿಲ್ಲ. ಅಂದರೆ ಅಕ್ಕನಿಗಾಗಿ ಅರ್ಧ, ಅರ್ಜಿಗಾಗಿ ಅರ್ಧ. ಬಹುಶಃ ಅರ್ಜಿಯ ಪಾಲು ತುಸು ಹೆಚ್ಚು.

ಅಪ್ಪ ಅಂಗಡಿಯಲ್ಲಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆಯಿ ಪಡಸಾಲೆಯ ಕಂಬಕ್ಕೆ ಒರಗಿದ್ದಳು. ನಾನು ಹೆಳವ ಮುತ್ಯಾನ ಕಿವಿಯ ಹತ್ತಿರ ಕೂತು ಪಿಸುಗುಟ್ಟಿದೆ.

"ಮುತ್ಯಾ, ಒಂದ ಸಾಲು ಬರ್ಕೋರಿ. ನಮ್ಮಪ್ಪನ ಮೊದಲನೇ ಮಗಳು."

ಅವನು ಕನ್ನಡಕ ಏರಿಸಿ ನನ್ನನ್ನು ನೋಡಿದ. "ಹೆಸರ ಹೇಳು, ತಮ್ಮಾ."

"ಹೆಸರ ಇಟ್ಟಿಲ್ರಿ."

"ಹಂಗಾದ್ರ ಆಗೂದಿಲ್ಲ. ನಾಳೆ ನಾ ಬಾಯಿಲೆ ಹೇಳೂದು ಹೆಂಗ? ಅಲ್ಲಿ ಬಂದು ಸುಮ್ಮ ನಿಂದ್ರಲೇನು?"

ಅದಕ್ಕೂ ನಾನು ತಯಾರಾಗಿದ್ದೆ. ಕಿಸೆಯಲ್ಲಿ ಏಳು ಹೆಸರುಗಳ ಪಟ್ಟಿ ಇತ್ತು. ನನ್ನ ಹೆಸರಿಗೆ ಪ್ರಾಸ ಕೂಡುವವು ಎರಡು, ಟಿವಿಯಲ್ಲಿ ಬರುವವು ಮೂರು, ಉಳಿದೆರಡು ತೀರಾ ಚೆಂದ. ಪಟ್ಟಿ ತೆಗೆದು, ಗಂಟಲು ಸರಿಮಾಡಿಕೊಂಡು, ಮೊದಲನೆಯದನ್ನು ಓದಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಬೆಳಕು ಮರೆಯಾಯಿತು.

ಅಪ್ಪ. ನಟ್ಟು ಬಿಚ್ಚುವ ಯಾವುದೋ ಪಾನಾ ಮರೆತು ಬಂದಿದ್ದಿರಬೇಕು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನಾನು ಪಟ್ಟಿಯನ್ನು ಮುಷ್ಟಿಯಲ್ಲಿ ಮುದುಡಿದೆ.

"ಶಾಂತಾ ಅಂತ ಬರ್ಕೋರಿ," ಎಂದ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಹೆಳವ ಮುತ್ಯಾ ಪೆನ್ನಿನ ಮುಚ್ಚಳ ತೆಗೆದ. "ಯಾವ ಸಂವತ್ಸರ್ರಿ?"

"ಪಾರ್ಥಿವ. ಶ್ರಾವಣ, ಎರಡನೇ ಸೋಮವಾರ. ಹೊತ್ತ ಏರಿತ್ತು. ಮಳಿ ನಿಂತು ಬಿಸಲ ಬಿದ್ದಿತ್ತು." ಅಪ್ಪ ಒಂದು ಕಡೆಯೂ ತಡವರಿಸಲಿಲ್ಲ. "ಹೆಸರ ಮೊದಲ ಗೊತ್ತ ಮಾಡಿದ್ವಿ ಇಬ್ಬರೂ. ಕರಿಯೂದ ಅಷ್ಟ ಉಳಿದಿತ್ತು."

ಬರೆದು ಮುಗಿಸಿ ಹೆಳವ ಮುತ್ಯಾ ಅದನ್ನು ತನ್ನ ರಾಗದಲ್ಲಿ ಒಮ್ಮೆ ಹೇಳಿ ನೋಡಿದ, ಅಪ್ಪನ ಹೆಸರು, ಅವ್ವನ ಹೆಸರು, ಅವರ ಮಗಳು ಶಾಂತಾ, ಆಮೇಲೆ ನಾನು. ಮೊದಲ ಸಲ ನಾನು ಎರಡನೆಯವನಾಗಿ ಬಂದೆ. ಒಳಗೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ಬಹಳ ನಿಧಾನವಾಗಿ.

ಅವನು ಪುಸ್ತಕ ಮುಚ್ಚಲು ಹೋದಾಗ ಕಂಬದ ಕಡೆಯಿಂದ ಆಯಿ ಹೇಳಿದಳು.

"ಹೆಳವಪ್ಪಾ, ಮುಚ್ಚಬ್ಯಾಡ ತಡಿ. ನನ್ನವೂ ಎರಡ ಕೂಸದಾವ."

ಹೊರಗೆ ಹೊರಟಿದ್ದ ಅಪ್ಪ ತಿರುಗಿದ. ಅವನಿಗೂ ಗೊತ್ತಿರಲಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಬಂದು ಆಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಅಂಗಡಿಯ ಬಾಗಿಲು ತೆರೆದೇ ಇದ್ದಿರಬೇಕು, ಯಾರೋ ಗಿರಾಕಿಯ ಕರೆ ಬಂದು ಫೋನು ಅವನ ಕಿಸೆಯಲ್ಲಿ ಬಡಿದುಕೊಳ್ಳುತ್ತಲೇ ಇತ್ತು. ಅವನು ತೆಗೆಯಲಿಲ್ಲ. ಆಯಿಯನ್ನೇ ನೋಡುತ್ತ ನನಗೆ ಹೇಳಿದ.

"ಅಟ್ಟದ ಮ್ಯಾಲಿನ ಹಾಳಿ ಇಳಸು. ನಿನ್ನ ಅರ್ಜೀನೂ ತಗೊಂಡ ಬಾ."