ವಿನೋದಾಳ ಹಣೆ

ನೆದರ್ಲೆಂಡ್ಸಿನ ಆಮರ್ಸ್‌ಫೋರ್ಟ್‌ನ ಸ್ಕಿನ್ ಕ್ಲಿನಿಕ್ಕೊಂದರಲ್ಲಿ ಲೇಸರ್ ಚಿಕಿತ್ಸೆ ಮಾಡುವ ಉಡುಪಿಯ ವಿನೋದಾಗೆ ನಯವಾಗಿ ಮಾತಾಡಲು ಬರುವುದಿಲ್ಲ. ಆದರೂ ಕನ್ನಡದವರು ಅವಳನ್ನೇ ಕೇಳಿಕೊಂಡು ಬರುತ್ತಾರೆ.

ಮೊನ್ನೆ ಬಂದ ಗಾನವಿ ಎಂಬ ಬೆಂಗಳೂರಿನ ಹುಡುಗಿಯ ಹಣೆಯ ನಡುವೆ ರೂಪಾಯಿಯಗಲದ ಬಿಳಿ ಕಲೆಯಿತ್ತು. ಕ್ರೀಮುಗಳೆಲ್ಲ ಆಗಿ, ಈಗ ಲೇಸರ್ ಬೇಕಂತೆ.

"ಸ್ಟಿಕ್ಕರ್ ಬಿಂದಿ ಇಡ್ತಿಯಾ?" ವಿನೋದಾ ಕೇಳಿದಳು.

"ಮೊದಲು ಚಿಕ್ಕದು ಇಡ್ತಿದ್ದೆ. ಕಲೆ ಆದಮೇಲೆ ಅದು ಮುಚ್ಚಲಿ ಅಂತ ದೊಡ್ಡದು."

"ಅದರ ಅಂಟಿನಿಂದಲೇ ಮಾರಾಯ್ತಿ, ಕಲೆ ಆದದ್ದು. ಮುಚ್ಲಿಕ್ಕೆ ಹೋಗಿ ಬೆಳೆಸಿದ್ದಿ. ಲೇಸರ್ ಗೀಸರ್ ಆಮೇಲೆ. ಮೊದಲು ಬಿಂದಿ ಬಿಡು."

ಗಾನವಿ ಕನ್ನಡಿಯಿಂದ ಮುಖ ತಿರುಗಿಸಿದಳು. "ಬೋಳು ಹಣೆಯಲ್ಲಿ ವಿಡಿಯೋ ಕಾಲ್ ಮಾಡಿದ್ರೆ ನಮ್ಮತ್ತೆ ಸುಮ್ಮನಿರಲ್ಲ. ಗಂಡನ ಆಯಸ್ಸಿಗೆ ಒಳ್ಳೇದಲ್ಲ ಅಂತಾರೆ."

ವಿನೋದಾ ತನ್ನ ಹಣೆಯ ಮೇಲಿನ ಕೂದಲು ಸರಿಸಿದಳು. ಅಲ್ಲೂ ಅಂಥದೇ ಒಂದು ಕಲೆ, ಹಳೆಯದು, ಬಟಾಣಿಯಷ್ಟು ಉಳಿದಿತ್ತು. "ನಾನು ಬಿಂದಿ ಬಿಟ್ಟು ಎಷ್ಟೋ ವರ್ಷ ಆಯ್ತು. ಇಲ್ಲಿ ಬಾ," ಎಂದು ಕಿಟಕಿಯ ಹತ್ತಿರ ಕರೆದಳು.

ಕೆಳಗೆ ದಪ್ಪ ಕೋಟಿನ ಗಂಡಸೊಬ್ಬ ಸೈಕಲ್ಲಿಗೆ ಒರಗಿ, ನೆಮ್ಮದಿಯಾಗಿ ಸೇಬು ಕಚ್ಚುತ್ತ ನಿಂತಿದ್ದ.

"ನಮ್ಮವರು. ನಿಮ್ಮತ್ತೆಗೆ ಹೇಳು, ಬಿಪಿ ಕೂಡ ಇಲ್ಲ."